ಕುಟುಂಬದವರಿಗೆ ಮೀಸಲು

ಬರಬೇಡಿ ಅಂತ ನಾನು ಯಾವಾಗ ಹೇಳ್ದೆ? ಹೇಳ್ಲಿಲ್ಲ. ಬರ್ಲೇಬೇಕು ಅಂತೇನಿಲ್ಲ ಅಂದೆ. ಕಾದಂಬರಿ ಬರೆದು ಮುಗಿಸಿದವರಷ್ಟೇ ಸೇರ್ತಾರೆ, ಒಂದೊಂದು ಪುಟ ಓದ್ತಾರೆ, ಟೀ ಕುಡಿದು ಎದ್ದು ಬರ್ತಾರೆ ಅಂದೆ. ಅದಕ್ಕೂ ಬರಬೇಡಿ ಅನ್ನೋದಕ್ಕೂ ವ್ಯತ್ಯಾಸ ಇಲ್ವಾ? ಇದೆ. ಸ್ವಲ್ಪ ಇದೆ.

ಮೊದ್ಲು ಕೂತ್ಕೊಳ್ಳಿ. ಆ ಟೂಲ್ ಬ್ಯಾಗ್ ಕೆಳಗಿಡಿ. ಮನೆಗೆ ಬಂದು ಇಷ್ಟು ಹೊತ್ತಾಯ್ತು, ಇನ್ನೂ ಹೆಗಲಿಗೆ ನೇತುಹಾಕ್ಕೊಂಡು ನಿಂತಿದ್ದೀರಿ, ಯಾರದೋ ಮನೆಗೆ ಲಿಫ್ಟ್ ರಿಪೇರಿಗೆ ಬಂದವರ ಹಾಗೆ. ಟೀ ಇಡ್ತೀನಿ. ಅತ್ತೆ, ಮಕ್ಕಳು ಎಲ್ಲ ನಿಮ್ಮಕ್ಕನ ಮನೇಲಿದ್ದಾರೆ, ಕತ್ತಲಾಗೋ ಹೊತ್ತಿಗೆ ಬರ್ತಾರೆ. ಅಲ್ಲೀವರೆಗೆ ಇಲ್ಲಿ ನಾವಿಬ್ರೇ. ನಾವಿಬ್ರೇ ಹೀಗೆ ಕೂತು ಮಾತಾಡಿ ಅದೆಷ್ಟು ಕಾಲ ಆಗಿತ್ತೋ... ಯಾಕೆ ನಗ್ತೀರಿ? ಓ. ಹೌದು, ಇದು ಉಪ್ಪಿನ ಡಬ್ಬಿ. ತಲೆ ಇನ್ನೂ ಲೈಬ್ರರಿ ವೇದಿಕೆ ಮೇಲೇ ಇದೆ ರೀ. ಆ ಹೆದರಿಕೆ ಇನ್ನೂ ಇಳಿದಿಲ್ಲ.

ದಿನಾ ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಊರಿಗೆಲ್ಲ ಕೇಳೋ ಹಾಗೆ ಕೂಗೋಳಿಗೆ ಎಂಥ ಹೆದರಿಕೆ ಅಂತ ನಿಮಗೆ ಅನ್ನಿಸಬಹುದು. ಅದು ಬೇರೆ, ಇದು ಬೇರೆ. ಅಲ್ಲಿ ನಾನು ಗಾಜಿನ ಗೂಡಿನೊಳಗೆ ಕೂತಿರ್ತೀನಿ. ಯಾವ ಬಸ್ಸು, ಎಲ್ಲಿಗೆ, ಎಷ್ಟನೇ ಪ್ಲಾಟ್‌ಫಾರ್ಮು. ಜನ ತಲೆ ಎತ್ತಿ ಸ್ಪೀಕರ್ ನೋಡ್ತಾರೆ, ನನ್ನನ್ನಲ್ಲ. ಹೇಳಿದ್ದು ನನ್ನ ಮಾತಲ್ಲ, ಬಸ್ಸಿನದು. ಯಾರೂ ತಿರುಗಿ ಉತ್ತರ ಕೊಡೋದೂ ಇಲ್ಲ. ಇವತ್ತು ಲೈಬ್ರರೀಲಿ ಹಾಗಲ್ಲ ನೋಡಿ. ಅಷ್ಟು ಜನ ನನ್ನ ಮುಖಾನೇ ನೋಡ್ತಾ ಕೂತಿದ್ರು.

ಹೌದು. ಕುರ್ಚಿ ಹಾಕಿದ್ರು. ಮುಂದಿನ ಸಾಲು ಪೂರ್ತಿ ಬೇರೆ ಕುರ್ಚಿ. ಒಂದೊಂದರ ಬೆನ್ನಿಗೂ ಹಾಳೆ ಅಂಟಿಸಿದ್ರು, ‘ಕುಟುಂಬದವರಿಗೆ ಮೀಸಲು’ ಅಂತ. ನೀವು ಬಾಗಿಲಲ್ಲಿ ನಿಂತು ಅದನ್ನ ಓದಿದ್ರಿ. ನೀವು ಓದಿದ್ದನ್ನ ನಾನು ವೇದಿಕೆಯಿಂದ ನೋಡ್ದೆ. ನನ್ನ ಜೊತೆ ಕಾದಂಬರಿ ಬರೆದ ಔಷಧಿ ಅಂಗಡಿಯವನ ಹೆಂಡತಿ ಮಕ್ಕಳು ಬಂದು ಕೂತಿದ್ರು. ಆ ನಿವೃತ್ತ ಮೇಷ್ಟ್ರ ಮೊಮ್ಮಗಳು ಹೂವು ಹಿಡ್ಕೊಂಡು ಬಂದಿದ್ಲು. ನನ್ನ ಪಾಲಿನ ಎರಡು ಕುರ್ಚಿ ಖಾಲಿ ಇತ್ತು. ಖಾಲಿ ಇದ್ರೂ ನೀವು ಬಂದು ಕೂರಲಿಲ್ಲ. ಪೇಪರ್ ಸ್ಟ್ಯಾಂಡಿಗೆ ಒರಗಿ ನಿಂತೇ ಇದ್ರಿ, ಈ ಬ್ಯಾಗ್ ಹೊತ್ಕೊಂಡು.

ನಿಮ್ಮ ರಜೆ ಹಾಳಾಗ್ಬಾರ್ದು ಅಂತ ಹೊತ್ತು, ಜಾಗ ಹೇಳಿರ್ಲಿಲ್ಲ ರೀ. ಅಷ್ಟೇ ವಿಷಯ. ಮೊನ್ನೆ ಅತ್ತೆ ಕಣ್ಣಿನ ಆಪರೇಷನ್‌ಗೆ ರಜೆ ಹಾಕಿದ್ರಿ, ಪುಟ್ಟನಿಗೆ ಮಂಗನಬಾವು ಬಂದಾಗ ಹಾಕಿದ್ರಿ. ಇನ್ನು ನನ್ನ ಒಂದು ಪುಟಕ್ಕೋಸ್ಕರ... ಏನು? ಶನಿವಾರ ಅರ್ಧ ದಿನ ಅಂತ ಗೊತ್ತು. ಗೊತ್ತಿತ್ತು. ಮರೆತಿದ್ದೆ ಅಂದ್ಕೊಳ್ಳಿ.

ಇಲ್ಲ, ಮರೆತಿರ್ಲಿಲ್ಲ.

ಹಾಗೆ ಸುಮ್ನೆ ನೋಡ್ಬೇಡಿ. ನೀವು ಹಾಗೆ ನೋಡಿದ್ರೆ ನನ್ನ ಬಾಯಿಗೆ ಬ್ರೇಕು ಹಿಡಿಯಲ್ಲ ಅಂತ ನಿಮಗೆ ಗೊತ್ತು. ಒಂದು ಕೆಲಸ ಮಾಡ್ತೀನಿ. ಈ ತಿಂಗಳು ಏನೇನಾಯ್ತು ಅಂತ ಮೊದಲಿನಿಂದ ಹೇಳ್ಬಿಡ್ತೀನಿ. ನೀವಂತೂ ಕೇಳಿಲ್ಲ. ಕೇಳಿಲ್ಲ ಅಂತ ತಪ್ಪು ಹೊರಿಸ್ತಿಲ್ಲ, ಇರೋದನ್ನ ಹೇಳ್ದೆ.

ನಮ್ಮ ಟಿಕೆಟ್ ಕೌಂಟರಿನ ಹುಡುಗಿ ನನ್ನನ್ನ ಮೊದಲು ಲೈಬ್ರರಿಗೆ ಎಳ್ಕೊಂಡು ಹೋಗಿದ್ದು. ಗೋಡೆ ಮೇಲೆ ದೊಡ್ಡ ಕಾಗದ, ತಿಂಗಳೊಳಗೆ ಒಂದು ಕಾದಂಬರಿ, ಐವತ್ತು ಸಾವಿರ ಪದ. ನಾನು ನಕ್ಕುಬಿಟ್ಟೆ. ಅಷ್ಟು ಪದ ನಾನು ಮೈಕಿನಲ್ಲಿ ವಾರಕ್ಕೆ ಮುಗಿಸ್ತೀನಿ, ಆದ್ರೆ ಎಲ್ಲ ಅವೇ ನೂರು ಪದ ಅಂದೆ. ಲೈಬ್ರರಿಯಮ್ಮ ನಗಲಿಲ್ಲ. ಚೆನ್ನಾಗಿರ್ಬೇಕು ಅಂತಿಲ್ಲಮ್ಮ, ಮುಗಿಸಿದ್ರೆ ಸಾಕು ಅಂದ್ರು. ಆ ಮಾತು ನನಗೆ ಹಿಡಿಸಿಬಿಡ್ತು. ಈ ಮನೇಲಿ ನಾನು ಮಾಡೋದೆಲ್ಲ ಅದೇ ತಾನೇ. ಪಾತ್ರೆ ಆಗ್ಲಿ, ಬಟ್ಟೆ ಆಗ್ಲಿ, ಚೆನ್ನಾಗಿ ಮಾಡ್ಬೇಕು ಅಂತ ಎಲ್ಲಿದೆ, ಮುಗಿದ್ರೆ ಸಾಕು. ಹೆಸರು ಬರೆಸ್ಬಿಟ್ಟೆ.

ಆ ರಾತ್ರಿ ಊಟಕ್ಕೆ ಕೂತಾಗ ಹೇಳ್ದೆ, ನೆನಪಿದ್ಯಾ? ದೊಡ್ಡವಳು ತಟ್ಟೆಯಿಂದ ತಲೆ ಎತ್ತಿ, ಅಮ್ಮ ನೀನಾ ಅಂದ್ಲು. ಆ ‘ನೀನಾ’ ಇನ್ನೂ ಕಿವೀಲಿದೆ. ಪುಟ್ಟ ಕೇಳ್ದ, ಅದ್ರಲ್ಲಿ ಹುಲಿ ಬರುತ್ತಾ ಅಂತ. ಅತ್ತೆ, ಬರಿ ತಾಯಿ, ನನ್ನ ಕಣ್ಣಿಗೆ ಹನಿ ಹಾಕೋ ಹೊತ್ತಿಗೆ ಮಾತ್ರ ಎದ್ದು ಬಾ ಅಂದ್ರು. ನೀವು ಊಟ ಮಾಡ್ತಾನೇ ಇದ್ರಿ. ಇನ್ನೊಂದು ಸ್ವಲ್ಪ ಸಾರು ಹಾಕು ಅಂದ್ರಿ.

ಇರಿ, ಮುಗಿಸ್ತೀನಿ. ಮಾರನೇ ಬೆಳಿಗ್ಗೆ ಎದ್ದು ನೋಡಿದ್ರೆ ಹೊಲಿಗೆ ಮೆಷಿನ್ ಮೂಲೇಲಿ ಒಂದು ಪುಟ್ಟ ದೀಪ. ಯಾವುದೋ ಹಳೇ ಲಿಫ್ಟಿನಿಂದ ಬಿಚ್ಚಿ ತಂದದ್ದು, ಉಜ್ಜಿ, ಹೊಸ ವೈರ್ ಎಳೆದು, ಕೈಗೆಟುಕೋ ಹಾಗೆ ಸ್ವಿಚ್ ಕೂರ್ಸಿದ್ರಿ. ಮೆಷಿನ್ ಮೇಲೆ ಹಲಗೆ ಹಾಕಿ ಮೇಜು ಮಾಡಿದ್ರಿ. ನಾನು ಆ ದೀಪ ಹಾಕಿ ಆರಿಸಿ, ಹಾಕಿ ಆರಿಸಿ ನೋಡ್ದೆ. ಯಾರಿಗೆ ಬೇಕಾದ್ರೂ ಹೇಳ್ತೀನಿ, ನನ್ನ ಗಂಡನಂಥವನು ಸಿಗಲ್ಲ ಅಂತ. ಏನು ಬರೀತೀಯಾ ಅಂತ ಮಾತ್ರ ನೀವು ಕೇಳ್ಲಿಲ್ಲ.

ಆ ಪಾತ್ರೆಯ ಹಿಡಿಕೆ ಬಿಡ್ರೀ. ಈಗ ಬಿಗಿ ಮಾಡ್ಬೇಕಾ ಅದನ್ನ? ಮಾತು ಶುರುವಾದ್ರೆ ಸಾಕು, ನಿಮ್ಮ ಕೈ ಸ್ಕ್ರೂಡ್ರೈವರ್ ಹುಡುಕುತ್ತೆ.

ಬರೆಯೋಕೆ ಆ ಮೇಜಿಗೆ ಬಂದು ಕೂತದ್ದು ಕಡಿಮೇನೇ. ಕೂತ ಕೂಡಲೇ ಯಾರಿಗಾದ್ರೂ ಸಾಕ್ಸ್ ಕಾಣ್ತಿರ್ಲಿಲ್ಲ. ಹೆಚ್ಚು ಬರೆದದ್ದು ಆ ಗಾಜಿನ ಗೂಡಿನಲ್ಲೇ. ಒಂದು ಬಸ್ಸು ಹೋಗಿ ಇನ್ನೊಂದು ಬರೋವರೆಗೆ ನಾಲ್ಕು ಸಾಲು. ಕಥೆ ಇಷ್ಟೇ... ಒಂದು ಹೊಳೆ. ಸೇತುವೆ ಇಲ್ಲ. ಆಚೆ ದಡಕ್ಕೆ ದಿನಾ ಕೆಲಸಕ್ಕೆ ಹೋಗೋ ಒಬ್ಬ ಹೆಂಗಸು. ದೋಣಿ ನಡೆಸೋ ಒಬ್ಬ ಗಂಡಸು. ಸುಮ್ನೆ ಕಲ್ಪನೆ. ನಾನೆಲ್ಲಿ ದೋಣಿ ನೋಡಿದ್ದೀನಿ, ನೀವೆಲ್ಲಿ ಹುಟ್ಟು ಹಾಕಿದ್ದೀರಿ. ಒಂದು ದಿನ ಏನಾಯ್ತು ಗೊತ್ತಾ? ಬರೀತಾ ಬರೀತಾ ಇದ್ದೀನಿ, ಡ್ರೈವರ್ ಹಾರ್ನ್ ಹೊಡೆದ. ಅದೇ ಗುಂಗಿನಲ್ಲಿ ಮೈಕ್ ಒತ್ತಿ, ಪ್ರಯಾಣಿಕರ ಗಮನಕ್ಕೆ, ಎರಡನೇ ಪ್ಲಾಟ್‌ಫಾರ್ಮಿನಿಂದ ದೋಣಿ ಹೊರಡಲಿದೆ ಅಂದ್ಬಿಟ್ಟೆ. ನಿಲ್ದಾಣಕ್ಕೆ ನಿಲ್ದಾಣವೇ ಗಪ್‌ಚುಪ್. ಒಬ್ಬ ಅಜ್ಜ ಗಂಟುಮೂಟೆ ಎತ್ಕೊಂಡು ನನ್ನ ಕಿಟಕಿ ಹತ್ರ ಬಂದು, ದೋಣಿ ಎಲ್ಲೀವರೆಗೆ ಹೋಗುತ್ತೆ ತಾಯಿ ಅಂತ ಕೇಳ್ದ. ಹಾಸ್ಯಕ್ಕಲ್ಲ, ನಿಜವಾಗ್ಲೂ ಕೇಳ್ದ. ನಗಿ, ನಗಿ. ಇದಕ್ಕೆ ನಗಬಹುದು. ಮ್ಯಾನೇಜರ್ ಕರೆಸಿ ಬೈದ್ರು. ಬೈದು ಮುಗಿಸಿ ಮೆಲ್ಲಗೆ ಕೇಳಿದ್ರು, ಕಥೆ ಯಾವುದರ ಬಗ್ಗೆಮ್ಮ ಅಂತ.

ಮ್ಯಾನೇಜರೂ ಕೇಳಿದ್ರು ನೋಡಿ.

ಎರಡನೇ ವಾರದಲ್ಲಿ ತಾನೇ ಎಲ್ಲ ಒಟ್ಟಿಗೆ ಬಂದದ್ದು. ಅತ್ತೆ ಕಣ್ಣು, ದೊಡ್ಡವಳ ಪರೀಕ್ಷೆ, ಪುಟ್ಟನ ಕೆನ್ನೆ ಬೂದುಗುಂಬಳದ ಹಾಗೆ ಊದಿದ್ದು. ಕಣ್ಣಿನ ಆಸ್ಪತ್ರೆ ಬೆಂಚಿನ ಮೇಲೆ, ಮೊಣಕಾಲ ಮೇಲೆ ಕಾಗದ ಇಟ್ಕೊಂಡು ಬರೀತಿದ್ದೆ. ಪಕ್ಕದ ರೋಗಿ, ನೀವು ಸಿಸ್ಟರ್ರಾ ಅಂತ ಕೇಳಿದ್ರು. ಮನೆಗೆ ಬಂದ್ಮೇಲೆ ಅತ್ತೆಗೆ ಟಿವಿ ಇಲ್ಲ, ಪೇಪರ್ ಇಲ್ಲ, ಕಣ್ಣಿಗೆ ಬಟ್ಟೆ. ಬೇಜಾರು ಬಂದು, ಅದೇನು ಕೆರೀತಿದ್ದೀಯಾ, ಗಟ್ಟಿಯಾಗಿ ಓದು, ಅಂದ್ರು. ನನಗೆ ಜೀವ ಬಾಯಿಗೆ ಬಂತು. ಆದ್ರೂ ಓದಿದೆ.

ಆ ದಿನದಿಂದ ಅವರು ನನ್ನ ಬೆನ್ನು ಬಿಡ್ಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ, ಅವಳು ದೋಣಿ ಹತ್ತಿದ್ಲಾ? ಸಂಜೆ ನಾನು ಬಂದ ಕೂಡಲೇ, ಅವನು ಏನಾದ್ರೂ ಅಂದ್ನಾ? ಬರ್ದಿಲ್ಲ ಅತ್ತೆ, ಅಡುಗೆ ಮಾಡ್ಬೇಕು ಅಂದ್ರೆ, ಅಡುಗೆ ಸಾಯ್ಲಿ, ನೀನು ಹೋಗಿ ಅವನು ಬಾಯಿ ಬಿಟ್ನಾ ಅಂತ ನೋಡ್ಕೊಂಡು ಬಾ, ಅನ್ನೋರು. ಒಂದು ಕಣ್ಣಿಗೆ ಪಟ್ಟಿ ಕಟ್ಕೊಂಡೇ ಪಾತ್ರೆ ತೊಳೆದಿದ್ದಾರೆ, ನಿಮಗೆ ಗೊತ್ತಾ? ಎರಡು ಲೋಟ ಒಡೆದ್ರು, ಅದನ್ನ ಪುಟ್ಟನ ತಲೆಗೆ ಕಟ್ಟಿದ್ರು. ಮದುವೆಯಾಗಿ ಬಂದು ಇಷ್ಟು ವರ್ಷದಲ್ಲಿ ನಾನೂ ನಿಮ್ಮಮ್ಮನೂ ಅಷ್ಟು ಹತ್ರ ಕೂತಿರ್ಲಿಲ್ಲ ರೀ.

ಒಂದು ದಿನ ಕೇಳಿದ್ರು, ಈ ಮಾತಾಡದ ಗಂಡಸನ್ನ ನೀನು ಎಲ್ಲಿಂದ ತಂದೆ ಅಂತ. ನಾನು ನಕ್ಕೆ. ಅವರು ನಗಲಿಲ್ಲ. ನಿನ್ನ ಮಾವನೂ ಹೀಗೇ, ನಿನ್ನ ಗಂಡನೂ ಹೀಗೇ, ಈ ಮನೇಲಿ ಗೋಡೆ ಮಾತಾಡೀತು, ಗಂಡಸರು ಮಾತಾಡಿದ್ದನ್ನ ನಾನು ಕಂಡಿಲ್ಲ ಅಂದ್ರು. ನಿಮ್ಮಮ್ಮ ಹೇಳಿದ್ದು, ನಾನಲ್ಲ.

ಟೀ ಕುಡೀರಿ, ಕೆನೆ ಕಟ್ತಿದೆ.

ಮೂರನೇ ವಾರದಲ್ಲಿ ಕಥೆ ನಿಂತುಹೋಯ್ತು. ನಿಂತದ್ದು ಅಂದ್ರೆ ಹೊಳೆ ಮಧ್ಯೆ ನಿಂತ ಹಾಗೆ. ಆ ದೋಣಿಯವನು ಬಾಯಿ ಬಿಡಲೊಲ್ಲ. ಅವಳು ಹತ್ತುತ್ತಾಳೆ, ಇಳೀತಾಳೆ, ಅವನು ಸುಮ್ನೆ ಹುಟ್ಟು ಹಾಕ್ತಾನೆ. ಏನು ಮಾತಾಡಿಸಿದ್ರೂ ಕಟ್ಟಿದ ಹಾಗೆ ಕಾಣೋದು. ನಾನು ಲೈಬ್ರರಿಯಮ್ಮನಿಗೆ ಹೇಳೇಬಿಟ್ಟೆ, ನನ್ನಿಂದಾಗಲ್ಲ, ಹೆಸರು ಹೊಡೆದುಹಾಕಿ ಅಂತ. ಅವರು, ನಾಳೆ ಬಂದು ಹೇಳಿ, ಹೊಡೀತೀನಿ ಅಂದ್ರು. ಮಾರನೇ ದಿನ ನಾನು ಹೋಗ್ಲಿಲ್ಲ. ಆ ಮಾರನೇ ದಿನ ಮಧ್ಯಾಹ್ನದಿಂದ ಬರೆಯೋಕೆ ಶುರು ಮಾಡಿದವಳು, ಕೊನೇವರೆಗೂ ನಿಲ್ಲಿಸ್ಲೇ ಇಲ್ಲ. ಸೊಪ್ಪು ಬಿಡಿಸ್ತಾ ಬರ್ದೆ. ಪುಟ್ಟನ ಸ್ಕೂಲ್ ಗೇಟಿನ ಹತ್ರ ನಿಂತು, ಗೋಡೆಗೆ ಕಾಗದ ಒತ್ತಿ ಬರ್ದೆ. ಅತ್ತೆಗೆ ಓದಿ ಓದಿ ನನ್ನ ಗಂಟಲು ಹೋಯ್ತು.

ಏನಾಯ್ತು ಅಂದ್ರೆ? ಏನಿಲ್ಲ. ಹಾಗೇ ಬಂತು. ಬರೆಯೋರಿಗೆಲ್ಲ ಹಾಗೆ ಆಗುತ್ತಂತೆ. ಮೇಷ್ಟ್ರೂ ಹೇಳಿದ್ರು.

ಇವತ್ತಿನ ವಿಷಯ ಹೇಳ್ತೀನಿ, ಅದು ಮುಖ್ಯ. ನನ್ನ ಸರದಿ ಬಂದಾಗ ಲೈಬ್ರರಿಯಮ್ಮ ನಿಂತು ಹೇಳಿದ್ದನ್ನ ನೀವು ಕೇಳಿದ್ರಾ? ಆಗಲೇ ಬಂದಿದ್ರಾ ನೀವು? ಬಂದಿದ್ರಿ. ಇವರು, ದೋಣಿಯವನು ಮೊದಲ ಸಲ ಮನಸ್ಸು ಬಿಚ್ಚಿ ಮಾತಾಡೋ ಭಾಗ ಓದ್ತಾರೆ, ಅಂದ್ರು. ನಾನು ಆ ಪುಟ ತೆಗೆದೇ ಇಟ್ಕೊಂಡಿದ್ದೆ. ಒಂದು ಸಲ ಎದುರಿಗೆ ನೋಡ್ಬೇಕು ಅಂತ ತಲೆ ಎತ್ತಿದ್ರೆ... ಬಾಗಿಲಲ್ಲಿ ನೀವು. ಯೂನಿಫಾರ್ಮಿನಲ್ಲಿ. ಮೊಣಕೈಗೆ ಗ್ರೀಸು.

ನಾನು ಪುಟ ತಿರುವಿಬಿಟ್ಟೆ. ಸಿಕ್ಕಿದ್ದು ಪ್ರವಾಹದ ಅಧ್ಯಾಯ. ಹೊಳೆ ಉಕ್ಕಿದ್ದು, ಹಗ್ಗ ಹರಿದದ್ದು, ಅದನ್ನೇ ಓದಿದೆ. ಲೈಬ್ರರಿಯಮ್ಮ ಕನ್ನಡಕ ಮೇಲೆ ತಳ್ಳಿ ನನ್ನನ್ನೇ ನೋಡಿದ್ರು. ಜನ ಚಪ್ಪಾಳೆ ತಟ್ಟಿದ್ರು. ನೀವೂ ತಟ್ಟಿದ್ರಿ, ಬ್ಯಾಗ್ ತೋಳಿನಲ್ಲಿ ಇದ್ದಿದ್ರಿಂದ ಸದ್ದು ಬರಲಿಲ್ಲ. ಯಾಕೆ ಬೇರೆ ಪುಟ ಓದಿದೆ ಅಂದ್ರೆ, ಪ್ರವಾಹ ಜನಕ್ಕೆ ಹಿಡಿಸುತ್ತೆ ರೀ. ಮಾತುಕತೆ ಓದಿದ್ರೆ ಆಕಳಿಸ್ತಾರೆ. ಅಷ್ಟೇ. ಬೇರೇನೂ ಇಲ್ಲ.

ಬೇರೇನೂ ಇಲ್ಲ ಅಂದ್ನಲ್ಲ.

ಅದಿರ್ಲಿ, ನಿಮಗೆ ಹೊತ್ತು, ಜಾಗ ಎಲ್ಲ ಹೇಳಿದ್ದು ಯಾರು? ನಾನು ಹೇಳಿಲ್ಲ. ದೊಡ್ಡವಳಿಗೂ ಹೇಳಿಲ್ಲ. ಅತ್ತೆಗೆ ಮಾತ್ರ... ಅತ್ತೆ ಕಳ್ಸಿದ್ರಾ? ಹೌದಾ? ಫೋನ್ ಮಾಡಿದ್ರಾ? ಕೆಲಸದ ಮಧ್ಯೆ ಫೋನ್ ಮಾಡಿ ಹೋಗು ಅಂದ್ರಾ?

ಅದಕ್ಕೇ ಎಲ್ಲರನ್ನೂ ಕಟ್ಕೊಂಡು ನಿಮ್ಮಕ್ಕನ ಮನೆಗೆ ಹೊರಟಿದ್ದಾ ಅವರು. ನಾನು ದಡ್ಡಿ.

ಏನು ಹೇಳಿದ್ರು ನಿಮಗೆ? ಹೋಗು, ಕುರ್ಚಿ ಇದೆ ಅಂದ್ರಾ? ಅಷ್ಟೇನಾ? ಕಥೆ ಬಗ್ಗೆ ಏನಾದ್ರೂ ಹೇಳಿದ್ರಾ? ಅವರು ಏನಾದ್ರೂ ಹೇಳಿದ್ರೆ ಅದನ್ನ ತಲೆಗೆ ಹಚ್ಕೋಬೇಡಿ. ಅವರಿಗೂ ಪೂರ್ತಿ ಗೊತ್ತಿಲ್ಲ.

ಯಾವುದು ಪೂರ್ತಿ ಅಂತ ಕೇಳಿ. ಕೇಳಲ್ಲ ನೀವು. ಕೇಳದೇ ಆ ಲೋಟದೊಳಗೆ ನೋಡ್ತಾ ಕೂತ್ರೆ ನಾನೇ ಹೇಳ್ತೀನಿ ಅಂತ ನಿಮಗೆ ಗೊತ್ತು. ಮೊದಲಿನಿಂದಲೂ ಹೀಗೇ.

ಕಥೆ ನಿಂತುಹೋದ ಆ ಮೂರನೇ ವಾರ, ಒಂದು ದಿನ ನೀವು ಫೋನ್ ಮರೆತು ಹೋಗಿದ್ರಲ್ಲ. ಕಪಾಟಿನ ಮೇಲೆ ಬಿಟ್ಟು ಹೋಗಿದ್ರಿ. ಅದು ಒಂದೇ ಸಮ ಹೊಡ್ಕೋತಿತ್ತು, ನಿಮ್ಮ ಆಫೀಸಿನವರು. ನನಗೆ ಮಧ್ಯಾಹ್ನದ ಪಾಳಿ. ಹೋಗೋ ದಾರೀಲಿ ಕೊಟ್ಟು ಹೋಗೋಣ ಅಂತ ಆಸ್ಪತ್ರೆ ಹಿಂದಿನ ಆ ಎತ್ತರದ ಕಟ್ಟಡಕ್ಕೆ ಬಂದೆ. ಸಂಜೆ ನೀವು ಫೋನ್ ಹಿಡ್ಕೊಂಡೇ ಮನೆಗೆ ಬಂದ್ರಿ. ವಾಚ್‌ಮನ್ ಕೊಟ್ಟ ಅಂತಾನೂ ಹೇಳ್ಲಿಲ್ಲ, ನೀನು ಬಂದಿದ್ಯಾ ಅಂತಾನೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ.

ನಾನು ಮೇಲೆ ಬಂದಿದ್ದೆ ರೀ.

ಲಿಫ್ಟ್ ಮಧ್ಯದಲ್ಲಿ ನಿಂತಿದೆ, ಒಳಗೆ ಒಬ್ಬರು ಹೆಂಗಸು ಸಿಕ್ಕಿಕೊಂಡಿದ್ದಾರೆ, ಮೇಸ್ತ್ರಿ ಮೇಲಿದ್ದಾರೆ ಅಂದ ವಾಚ್‌ಮನ್. ಮೆಟ್ಟಿಲು ಹತ್ತಿದೆ. ಅರ್ಧಕ್ಕೆ ಬಂದಾಗ ಯಾರೋ ಮಾತಾಡೋದು ಕೇಳಿಸ್ತು. ಯಾರ ಮನೇಲೋ ರೇಡಿಯೋ ಹಚ್ಚಿದ್ದಾರೆ ಅಂದ್ಕೊಂಡೆ. ಆಣೆ ಮಾಡ್ತೀನಿ, ನಿಮ್ಮ ದನಿ ನನಗೆ ಗುರುತು ಸಿಗಲಿಲ್ಲ. ಇನ್ನೊಂದು ನಾಲ್ಕು ಮೆಟ್ಟಿಲು ಹತ್ತಿ ಕಂಬಿ ಸಂದಿಯಿಂದ ನೋಡಿದ್ರೆ, ನೀವು. ನೆಲದ ಮೇಲೆ ಮಂಡಿಯೂರಿ, ಲಿಫ್ಟ್ ಬಾಗಿಲಿನ ಸಂದಿಗೆ ಕೆನ್ನೆ ಆನಿಸಿ ಕೂತಿದ್ರಿ. ಒಳಗೆ ಅವಳು ಅಳ್ತಿದ್ಲು. ಉಸಿರು ಸಿಗದವರ ಹಾಗೆ ಅಳ್ತಿದ್ಲು. ನೀವು ಕೇಳ್ತಿದ್ರಿ... ಎಲ್ಲಿಂದ ಬರ್ತಿದ್ರಿ ನೀವು? ಯಾರಿಗೆ ಕೊಂಡ್ಕೊಂಡ್ರಿ ಬಟ್ಟೆ? ಯಾವ ಬಣ್ಣ? ಅವಳು ಒಂದೊಂದೇ ಹೇಳಿದ್ಲು. ತಂಗಿಗೆ, ನೀಲಿ. ತಂಗಿ ಮಾತು ಬಿಟ್ಟು ಬಹಳ ದಿನ ಆಯ್ತು ಅಂತ ಹೇಳಿದ್ಲು. ನೀವು, ಆಮೇಲೆ? ಅಂದ್ರಿ. ಅವಳು ಇನ್ನೊಂದಿಷ್ಟು ಹೇಳಿದ್ಲು. ನೀವು ಮತ್ತೆ, ಆಮೇಲೆ ಏನಾಯ್ತು? ಎಷ್ಟು ಮೆತ್ತಗೆ ಕೇಳಿದ್ರಿ. ಅವಳು ಅಳೋದು ನಿಲ್ಲಿಸಿ ಮಾತಾಡೋಕೆ ಶುರು ಮಾಡಿದ್ಲು. ಮೇಲೆ ಮೋಟರ್ ರೂಮಿನಲ್ಲಿ ನಿಮ್ಮ ಜೊತೆಯವನು ಅದೇನೋ ತಿರುಗಿಸ್ತಿದ್ದ, ಆ ಸದ್ದು ಬಂದಾಗೆಲ್ಲ ಅವಳು ಹೆದರ್ತಿದ್ಲು, ನೀವು ಇನ್ನೊಂದು ಪ್ರಶ್ನೆ ಕೇಳ್ತಿದ್ರಿ.

ನಾನು ಮೆಟ್ಟಿಲ ಮೇಲೆ ಕೂತ್ಬಿಟ್ಟೆ. ಲಿಫ್ಟಿನಲ್ಲಿ ಸಿಕ್ಕಿಕೊಂಡವಳನ್ನ ಕಂಡು ಹೊಟ್ಟೆಕಿಚ್ಚು ಪಟ್ಟವರು ಯಾರಾದ್ರೂ ಇದ್ದಾರಾ? ನಾನು ಪಟ್ಟೆ. ನನಗೂ ಒಂದು ಕಬ್ಬಿಣದ ಬಾಗಿಲು ಮುಚ್ಚಿದ್ರೆ ಆಗ್ತಿತ್ತು ಅನ್ನಿಸ್ತು. ನಮ್ಮಿಬ್ಬರ ಮಧ್ಯೆ ಬಾಗಿಲೇ ಇಲ್ಲ, ಅದಕ್ಕೇ ಇರ್ಬೇಕು.

ಇಷ್ಟೇ ಆಗಿದ್ರೆ ನಾನು ನಿಮಗೆ ಅವತ್ತೇ ಹೇಳ್ತಿದ್ದೆ. ಹೇಳಿ ನಗ್ತಿದ್ದೆ.

ಅವಳು ಹೇಳಿದ್ಲಲ್ಲ, ನಾಚಿಕೆ ಆಗ್ತಿದೆ, ಮಗು ಹಾಗೆ ಅತ್ತುಬಿಟ್ಟೆ ಅಂತ. ನೀವು ಬಾಗಿಲಿಗೆ ಇನ್ನೂ ಹತ್ರ ಸರಿದ್ರಿ. ಆಮೇಲೆ, ಅಳಿ ಅಮ್ಮ, ನಾನೂ ಅತ್ತಿದ್ದೀನಿ ಅಂದ್ರಿ. ನಮ್ಮಪ್ಪ ಹೋಗಿ ಕಾರ್ಯ ಎಲ್ಲ ಮುಗಿದ ಮಾರನೇ ದಿನ ಕೆಲಸಕ್ಕೆ ಬಂದು, ಲಿಫ್ಟಿನ ನೆತ್ತಿ ಮೇಲೆ ಹತ್ತಿ, ಕತ್ತಲಲ್ಲಿ ಹಗ್ಗ ಹಿಡ್ಕೊಂಡು ಅತ್ತುಬಿಟ್ಟೆ, ಕೆಳಗೆ ಜನ ಗುಂಡಿ ಒತ್ತಿ ಒತ್ತಿ ಬೈಯ್ತಿದ್ರು, ನಾನು ಲಿಫ್ಟ್ ಬಿಡ್ಲಿಲ್ಲ ಅಂದ್ರಿ. ಯಾರಿಗೂ ಹೇಳಿಲ್ಲ ಇದನ್ನ, ಅಂದ್ರಿ.

ಯಾರಿಗೂ.

ಮಾವನ ಕಾರ್ಯ ಮುಗಿದ ಆ ಮಾರನೇ ದಿನ ನೀವು ಮನೆಗೆ ಬಂದು, ಕೈಕಾಲು ತೊಳೆದು, ಊಟ ಮಾಡಿ ಮಲಗಿದ್ರಿ. ನಾನು ಪಕ್ಕದಲ್ಲೇ ಇದ್ದೆ. ಈ ಮನುಷ್ಯ ಕಲ್ಲು ಅಂದ್ಕೊಂಡೆ. ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ. ಒಳ್ಳೇ ಕಲ್ಲು, ಆದ್ರೆ ಕಲ್ಲು.

ಫೋನ್ ವಾಚ್‌ಮನ್ ಕೈಗಿಟ್ಟು ಹೋದೆ. ಗೂಡಿನಲ್ಲಿ ಕೂತ ಕೂಡಲೇ ಬರೆಯೋಕೆ ಶುರು ಮಾಡಿದೆ. ದೋಣಿಯವನಿಗೆ ಬಾಯಿ ಬಂತು. ಅವನು ಹೇಳೋದೆಲ್ಲ ನೀವು ಹೇಳಿದ್ದೇ. ಕೇಳೋದೆಲ್ಲ ನೀವು ಕೇಳಿದ್ದೇ. ಅಪ್ಪ ಹೋದ ಮಾರನೇ ದಿನ ಹೊಳೆ ನಡುವೆ ದೋಣಿ ನಿಲ್ಲಿಸಿ ಅಳ್ತಾನೆ ಅವನು, ಎರಡೂ ದಡದಲ್ಲಿ ಜನ ಕೂಗ್ತಿರ್ತಾರೆ. ಒಂದಕ್ಷರ ನನ್ನದಲ್ಲ. ಇವತ್ತು ಓದೋಕೆ ತೆಗೆದಿಟ್ಟಿದ್ದ ಪುಟ ಅದೇ. ನೀವು ಬರಬಾರ್ದು ಅಂತ ನಾನು ಹೇಳಿದ್ದು... ಹೌದು, ಹೇಳ್ದೆ. ಬರಬಾರ್ದು ಅಂತಾನೇ ಹೇಳಿದ್ದು. ಕದ್ದ ಮಾಲನ್ನ ಅದರ ಯಜಮಾನನ ಮುಂದೆ ಹೇಗೆ ಓದ್ಲಿ?

ಅತ್ತೆಗೆ ಓದಿದ್ದೀನಿ. ತಡೆಯೋಕೆ ಆಗ್ಲಿಲ್ಲ. ಕೇಳಿ ಸೆರಗಿನಿಂದ ಕೆನ್ನೆ ಒರೆಸ್ಕೊಂಡ್ರು. ಕಣ್ಣಿಗೆ ನೀರು ತರ್ಬೇಡಿ ಅಂತ ಡಾಕ್ಟರ್ ಹೇಳಿದ್ದಾರೆ ಅತ್ತೆ ಅಂದೆ. ಹನಿ ಉರೀತಿದೆ ಅಷ್ಟೇ, ಅಂದ್ರು. ಇನ್ನೊಂದು ಸಲ ಓದು ಅಂದ್ರು. ಓದಿದೆ. ಯಾರಿವನು ಅಂತ ಆ ದಿನ ಕೇಳ್ಲಿಲ್ಲ. ಮತ್ತೆ ಯಾವತ್ತೂ ಕೇಳ್ಲಿಲ್ಲ. ನಾನು, ಸದ್ಯ, ಗೊತ್ತಾಗಿಲ್ಲ ಅಂದ್ಕೊಂಡೆ.

ಗೊತ್ತಾಗಿತ್ತು ಅಲ್ವಾ. ಹೆತ್ತವಳಿಗೆ ಗೊತ್ತಾಗದೇ ಇರುತ್ತಾ. ನಿಮಗೆ ಫೋನ್ ಮಾಡಿದಾಗ ಅದನ್ನೇ ಹೇಳಿದ್ರು. ಹೇಳಿದ್ರಾ? ನೀನು ಅತ್ತದ್ದು ನನಗೆ ಗೊತ್ತು ಮಗಾ ಅಂತ ಹೇಳಿದ್ರಾ?

ಹೇಳಿದ್ದಾರೆ.

ಹಾಗಾದ್ರೆ ಲೈಬ್ರರಿ ಬಾಗಿಲಲ್ಲಿ ನಿಂತಿದ್ದಾಗ್ಲೇ ನಿಮಗೆ ಗೊತ್ತಿತ್ತು. ನಾನು ಪುಟ ತಿರುವಿದ್ದು ಯಾಕೆ ಅಂತಾನೂ ಗೊತ್ತಿತ್ತು. ದಾರಿ ಉದ್ದಕ್ಕೂ ಗೊತ್ತಿತ್ತು. ಇಷ್ಟು ಹೊತ್ತು ನಾನು ರಜೆ ಅಂದೆ, ಪ್ರವಾಹ ಅಂದೆ, ದೋಣಿ ಕಂಡಿಲ್ಲ ಅಂದೆ. ನೀವು ಕೇಳಿಸ್ಕೊಂಡು ಕೂತ್ರಿ. ಇದನ್ನೂ ನೀವು ಹೇಳ್ಲಿಲ್ಲ.

ಇರಿ. ಈಗ ಬಾಯಿ ತೆರೀಬೇಡಿ. ಒಂದು ನಿಮಿಷ. ಏನು ಹೇಳೋಕೆ ಹೊರಟ್ರಿ ಅಂತ ನಿಮ್ಮ ತುಟಿ ನೋಡಿದ್ರೇ ಗೊತ್ತಾಯ್ತು. ‘ಆಮೇಲೆ’ ಅನ್ಬೇಡಿ. ದಯವಿಟ್ಟು. ಈಗ ನೀವು ಅದನ್ನ ಅಂದ್ರೆ ಅದು ನಿಮ್ಮದಾಗಲ್ಲ, ನಾನು ಬರೆದದ್ದಾಗುತ್ತೆ. ತಿಂಗಳು ಪೂರ್ತಿ ನಿಮ್ಮ ಬಾಯಿಗೆ ನಾನೇ ಮಾತು ಹಾಕಿದ್ದೀನಿ, ನನಗೆ ಸಾಕಾಗಿದೆ. ಬೇರೆ ಏನಾದ್ರೂ ಹೇಳಿ. ಬೈದ್ರೂ ಸರಿ. ಯಾರನ್ನ ಕೇಳಿ ಬರೆದೆ ಅಂತ ಬೈರಿ. ನಾನು ಬರೀದೇ ಇರೋದು ಯಾವುದಾದ್ರೂ ಒಂದು ಮಾತು.

...

ಯಾವುದಾದ್ರೂ.

...

ಆಯ್ತು. ಪರವಾಗಿಲ್ಲ. ಎದ್ದು ಹೋಗ್ಬೇಡಿ, ಅಷ್ಟು ಸಾಕು. ಅವರೆಲ್ಲ ಬರೋವರೆಗೆ ಇಲ್ಲೇ ಕೂತಿರಿ. ನಾನೂ ಸುಮ್ನಿರ್ತೀನಿ.